ರಸ್ತೆ ಕಟ್ಟಿದ ಮೇಲೆ: ಅಭಿವೃದ್ಧಿಶೀಲ ದೇಶಗಳ ಡಾಂಬರು, ಸರಕು ಸಾಗಣೆ ಮತ್ತು ಆಡಳಿತ

ಬಡ ದೇಶಗಳಲ್ಲಿ ರಸ್ತೆಗೆ ಹಣವಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ವಿಶ್ವ ಬ್ಯಾಂಕ್ 1994ರ ವಿಶ್ವ ಅಭಿವೃದ್ಧಿ ವರದಿಯಲ್ಲಿ ಕೊಟ್ಟ ಒಂದು ಲೆಕ್ಕ ಈ ಚರ್ಚೆಯಲ್ಲಿ ಇಂದಿಗೂ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಹಿಂದಿನ ಒಂದು ದಶಕದಲ್ಲಿ ಆಫ್ರಿಕಾದ ದೇಶಗಳು 1,200 ಕೋಟಿ ಡಾಲರನ್ನು ಸಕಾಲದಲ್ಲಿ ರಸ್ತೆ ನಿರ್ವಹಣೆಗೆ ಹಾಕಿದ್ದರೆ, 4,500 ಕೋಟಿ ಡಾಲರ್‌ಗಳ ಮರುನಿರ್ಮಾಣ ವೆಚ್ಚ ತಪ್ಪುತ್ತಿತ್ತು. ಇಂಥ ಲೆಕ್ಕ ಯಾವ ಹಣಕಾಸು ಸಚಿವಾಲಯಕ್ಕೂ ಹೊಸದಲ್ಲ. ಗೊತ್ತಿದ್ದೂ ಅದರಂತೆ ನಡೆಯಲಾಗುತ್ತಿಲ್ಲ ಎಂದಾದರೆ, ಕಾರಣವನ್ನು ಎಂಜಿನಿಯರಿಂಗ್ ಪುಸ್ತಕಗಳಿಗಿಂತ ಹೆಚ್ಚಾಗಿ ಹಣ ಬಿಡುಗಡೆ ಮಾಡುವವರ, ಟೆಂಡರ್ ಕರೆಯುವವರ, ಲಾರಿ ತೂಗುವವರ, ಗಡಿಯಲ್ಲಿ ಮುದ್ರೆ ಒತ್ತುವವರ ಲಾಭನಷ್ಟಗಳಲ್ಲಿ ಹುಡುಕಬೇಕಾಗುತ್ತದೆ. ಒಂದು ರಸ್ತೆಯಿಂದ ದೇಶದ ವ್ಯಾಪಾರಕ್ಕೆ ಎಷ್ಟು ಅನುಕೂಲವಾಗುತ್ತದೆ ಎಂಬುದು ಬಹುಪಾಲು ಈ ಕಚೇರಿಗಳಲ್ಲೇ ತೀರ್ಮಾನವಾಗುತ್ತದೆ.

ಡಾಂಬರು ರಸ್ತೆ ಹಾಳಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಾಕಿ ಕೆಲವು ವರ್ಷ ಕಳೆದ ಮೇಲೆ ಬಿಸಿಲಿಗೆ ಡಾಂಬರು ಪೆಡಸಾಗಿ, ಮೇಲ್ಪದರದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಆಗಲೇ ಅವನ್ನು ಮುಚ್ಚಿ ತೆಳುವಾದ ಒಂದು ಪದರ ಎಳೆದರೆ ರಸ್ತೆಯ ಆಯುಸ್ಸು ಕಡಿಮೆ ಖರ್ಚಿನಲ್ಲಿ ಹೆಚ್ಚುತ್ತದೆ. ಹಾಗೆ ಮಾಡದಿದ್ದರೆ ಬಿರುಕಿನ ಮೂಲಕ ಮಳೆನೀರು ಕೆಳಗಿನ ಜಲ್ಲಿ ಪದರಕ್ಕೆ ಇಳಿಯುತ್ತದೆ. ಪಕ್ಕದ ಚರಂಡಿಯಲ್ಲಿ ಹೂಳು ತುಂಬಿದ್ದರೆ ಬದಿಯಿಂದಲೂ ಒಸರುತ್ತದೆ. ಭಾರದ ಚಕ್ರ ಹಾದುಹೋದಾಗಲೆಲ್ಲ ಒಳಗಿನ ನೀರು ನುಣ್ಣನೆಯ ಮಣ್ಣನ್ನು ಹೊತ್ತು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ, ಅಡಿಪಾಯ ಪೊಳ್ಳಾಗುತ್ತದೆ, ಮೇಲ್ಮೈ ಮೊಸಳೆಯ ಚರ್ಮದ ಹಾಗೆ ಚೂರುಚೂರಾಗಿ ಸೀಳುತ್ತದೆ. ನಾವು ನೋಡಿ ಬೈಯುವ ಗುಂಡಿ ಇದರ ಕೊನೆಯ ಹಂತ. ಮೂರು ವರ್ಷ ನಿರ್ಲಕ್ಷಿಸಿದರೆ ದುರಸ್ತಿಯ ಖರ್ಚು ನಿರ್ವಹಣಾ ವೆಚ್ಚದ ಆರು ಪಟ್ಟಿಗೂ, ಐದು ವರ್ಷ ನಿರ್ಲಕ್ಷಿಸಿದರೆ ಹದಿನೆಂಟು ಪಟ್ಟಿಗೂ ಏರುತ್ತದೆ ಎಂದು ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆ ಅಂದಾಜಿಸಿದೆ.

ತೊಡಕಿರುವುದು ಕಾಲದ ವಿಷಯದಲ್ಲಿ. ಹಣ ಹಾಕಿದರೆ ಅತಿ ಹೆಚ್ಚು ಪ್ರಯೋಜನವಾಗುವ ಹಂತದಲ್ಲಿ ರಸ್ತೆ ನೋಡಲು ಚೆನ್ನಾಗಿಯೇ ಇರುತ್ತದೆ. ಯಾರೂ ದೂರು ಕೊಡುವುದಿಲ್ಲ, ಯಾವ ಶಾಸಕನೂ ಸದನದಲ್ಲಿ ಅದರ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಚರಂಡಿಯ ಹೂಳೆತ್ತಿದ್ದಕ್ಕೆ, ಮೋರಿ ಸ್ವಚ್ಛಗೊಳಿಸಿದ್ದಕ್ಕೆ ಎಲ್ಲೂ ಉದ್ಘಾಟನೆ ನಡೆಯುವುದಿಲ್ಲ. ಸಾಲ ಮತ್ತು ನೆರವು ಕೊಡುವ ಸಂಸ್ಥೆಗಳೂ ದಶಕಗಳ ಕಾಲ ಇದೇ ಚಾಳಿಗೆ ಇಂಬು ಕೊಟ್ಟವು. ಹೊಸ ನಿರ್ಮಾಣವನ್ನು ಬಂಡವಾಳ ವೆಚ್ಚವೆಂದು ಗುರುತಿಸಿ ಉದಾರವಾಗಿ ಸಾಲ ಕೊಟ್ಟು, ನಿರ್ವಹಣೆಯನ್ನು ಆಯಾ ಸರ್ಕಾರದ ದೈನಂದಿನ ಖರ್ಚಿನ ಬಾಬಿಗೆ ಬಿಟ್ಟವು. ಸಂಬಳ, ಬಡ್ಡಿ, ಸಬ್ಸಿಡಿ ಕೊಟ್ಟು ಮುಗಿಸುವ ಹೊತ್ತಿಗೆ ಆ ಬಾಬಿನಲ್ಲಿ ಏನೂ ಉಳಿದಿರುವುದಿಲ್ಲ. ರಸ್ತೆ ಪೂರ್ತಿ ಕುಸಿದ ಮೇಲೆ ಅದೇ ದಾರಿಗೆ ಹೊಸ ಸಾಲ ಸಿಗುತ್ತದೆ ಎಂದಾದರೆ, ಕೆಡಲು ಬಿಡುವುದೇ ಒಂದು ರೀತಿಯಲ್ಲಿ ಜಾಣತನದ ಲೆಕ್ಕಾಚಾರವಾಗಿಬಿಡುತ್ತದೆ.

ಹೊಸ ರಸ್ತೆ ಎಲ್ಲಿ ಬರುತ್ತದೆ ಎಂಬುದಕ್ಕೂ ಸಂಚಾರದ ಅಗತ್ಯಕ್ಕೂ ಇರಬೇಕಾದಷ್ಟು ನಂಟಿಲ್ಲ. ಕೀನ್ಯಾದಲ್ಲಿ 1963ರಿಂದ 2011ರವರೆಗಿನ ರಸ್ತೆ ವೆಚ್ಚವನ್ನು ಜಿಲ್ಲಾವಾರು ಜಾಲಾಡಿದ ಅರ್ಥಶಾಸ್ತ್ರಜ್ಞರ ತಂಡವೊಂದಕ್ಕೆ, ಅಧ್ಯಕ್ಷರ ಜನಾಂಗದವರೇ ಹೆಚ್ಚಿರುವ ಜಿಲ್ಲೆಗಳಿಗೆ ಉಳಿದವಕ್ಕಿಂತ ಎರಡು ಪಟ್ಟು ಹಣ ಹರಿದದ್ದೂ, ಅಲ್ಲಿ ಐದು ಪಟ್ಟು ಉದ್ದದ ಡಾಂಬರು ರಸ್ತೆ ಬಿದ್ದದ್ದೂ ಕಂಡುಬಂತು. ಬಹುಪಕ್ಷೀಯ ಪ್ರಜಾಪ್ರಭುತ್ವ ಇದ್ದ ವರ್ಷಗಳಲ್ಲಿ ಈ ಪಕ್ಷಪಾತ ಹೆಚ್ಚುಕಡಿಮೆ ಮಾಯವಾಗಿತ್ತು. ಚುನಾವಣೆ ಎಲ್ಲ ರೋಗಕ್ಕೂ ಮದ್ದು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ, ಆದರೆ ಪ್ರಶ್ನೆ ಕೇಳುವವರು ಇದ್ದಾಗ ರಸ್ತೆಯ ದಿಕ್ಕು ಬದಲಾಗುತ್ತದೆ ಎನ್ನುವುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ.

ನಿರ್ವಹಣೆಯ ಹಣವನ್ನು ಬಜೆಟ್ಟಿನ ಜಗ್ಗಾಟದಿಂದ ಪಾರುಮಾಡಲು ಹುಟ್ಟಿದ ಉಪಾಯವೇ ರಸ್ತೆ ನಿಧಿ. ಪ್ರತಿ ಲೀಟರ್ ಇಂಧನದ ಮೇಲೆ ಒಂದು ಸಣ್ಣ ಸುಂಕ ಹಾಕಿ, ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ರಸ್ತೆ ಬಳಸುವವರ ಪ್ರತಿನಿಧಿಗಳೂ ಇರುವ ಮಂಡಳಿಯ ಕೈಗೆ ಕೊಡುವುದು 1990ರ ದಶಕದಲ್ಲಿ ಆಫ್ರಿಕಾದುದ್ದಕ್ಕೂ ಹಬ್ಬಿದ ಮಾದರಿ. ಕೀನ್ಯಾ 1993ರಲ್ಲಿ ಇಂಥ ಸುಂಕ ತಂದು 1999ರ ಕಾಯ್ದೆಯ ಮೂಲಕ ರಸ್ತೆ ಮಂಡಳಿ ರಚಿಸಿತು. ಘಾನಾ ಮತ್ತು ಇಥಿಯೋಪಿಯಾ 1997ರಲ್ಲಿ ತಮ್ಮ ನಿಧಿಗಳಿಗೆ ಕಾನೂನಿನ ರೂಪ ಕೊಟ್ಟವು. ಬಳಸಿದವನೇ ಕೊಡಬೇಕು, ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿರಬೇಕು ಎಂಬುದು ಇದರ ಹಿಂದಿನ ತರ್ಕ.

ತರ್ಕದಲ್ಲಿ ತಪ್ಪಿಲ್ಲ, ಆದರೆ ಬೇರೆಯಾಗಿ ಕೂಡಿಟ್ಟ ಹಣದ ಮೇಲೆ ಖಜಾನೆಯ ಕಣ್ಣು ಬೀಳದೆ ಇರುವುದಿಲ್ಲ. ಘಾನಾ 2017ರಲ್ಲಿ ತಂದ ಕಾಯ್ದೆ, ರಸ್ತೆ ನಿಧಿಯೂ ಸೇರಿದಂತೆ ಮೀಸಲು ನಿಧಿಗಳಿಗೆ ಹೋಗುವ ಹಣಕ್ಕೆ ಮಿತಿ ಹಾಕಿತು. ಮಿತಿ ಮೀರಿದ ಮೊತ್ತ ಸರ್ಕಾರದ ಸಾಮಾನ್ಯ ಖರ್ಚಿಗೆ ಒದಗಿತು. ಕೀನ್ಯಾದ ಈಚಿನ ಕಥೆ ಇನ್ನೂ ಕುತೂಹಲಕರ. ಅಲ್ಲಿ 2024ರ ಜುಲೈನಲ್ಲಿ ರಸ್ತೆ ನಿರ್ವಹಣಾ ಸುಂಕವನ್ನು ಲೀಟರಿಗೆ 18 ಶಿಲ್ಲಿಂಗ್‌ನಿಂದ 25 ಶಿಲ್ಲಿಂಗ್‌ಗೆ ಏರಿಸಲಾಯಿತು. ಮರುವರ್ಷ ಸರ್ಕಾರ ಆ 25ರಲ್ಲಿ 7 ಶಿಲ್ಲಿಂಗ್‌ಗಳ ಮುಂದಿನ ವರ್ಷಗಳ ಆದಾಯವನ್ನು ಅಡವಿಟ್ಟು, ಸುಮಾರು 17,500 ಕೋಟಿ ಶಿಲ್ಲಿಂಗ್ ಎತ್ತಿ, ಗುತ್ತಿಗೆದಾರರ ಬಾಕಿ ಬಿಲ್ ತೀರಿಸಲು ಹೊರಟಿತು. ಏರಿಸಿದ್ದು ಏಳು, ಅಡವಿಟ್ಟದ್ದೂ ಏಳು. ಬಿಲ್ ಬಾಕಿ ಉಳಿದರೆ ಅರ್ಧಕ್ಕೆ ನಿಂತ ಕಾಮಗಾರಿಗಳು ಮಳೆಗೆ ಕೊಚ್ಚಿಹೋಗುತ್ತವೆ, ಗುತ್ತಿಗೆದಾರರು ಮುಂದಿನ ಟೆಂಡರಿನಲ್ಲಿ ವಿಳಂಬದ ನಷ್ಟವನ್ನೂ ಸೇರಿಸಿ ದರ ನಮೂದಿಸುತ್ತಾರೆ ಎನ್ನುವುದು ನಿಜವೇ. ಆ ಮಟ್ಟಿಗೆ ಬಾಕಿ ತೀರಿಸುವುದರಲ್ಲಿ ಅರ್ಥವಿದೆ. ಆದರೆ ಕಟ್ಟುವಾಗ ಮಾಡಿಕೊಂಡ ಸಾಲಕ್ಕೆ ಕಾಯ್ದುಕೊಳ್ಳಲೆಂದು ಇಟ್ಟ ಹಣ ಹೋದರೆ, ಮುಂದಿನ ವರ್ಷಗಳಲ್ಲಿ ಬಿರುಕು ಮುಚ್ಚುವವರಿಗೆ ಸಿಗುವುದು ಅಷ್ಟಷ್ಟೇ. ಹೊಸ ಕಾಮಗಾರಿಗೆ ಮಂಜೂರಾತಿ ಕೊಡುವ ಮೊದಲು ಹಳೆಯದರ ನಿರ್ವಹಣೆಗೆ ಹಣವಿದೆಯೇ ಎಂದು ಕೇಳುವ ಶಿಸ್ತು ಇಲ್ಲದ ಕಡೆ ನಿಧಿಯೊಂದನ್ನು ಸ್ಥಾಪಿಸಿದ ಮಾತ್ರಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ.

ಇನ್ನು ಲಾರಿಗಳ ಭಾರ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಪಟ್ಟಣದ ಬಳಿ 1958ರಿಂದ 1960ರವರೆಗೆ ಸೈನಿಕರಿಂದ ಹಗಲುರಾತ್ರಿ ಲಾರಿ ಓಡಿಸಿ ನಡೆಸಿದ ದೊಡ್ಡ ಪ್ರಯೋಗದಿಂದ ಒಂದು ಸೂತ್ರ ಹೊರಬಂತು. ರಸ್ತೆಗಾಗುವ ಹಾನಿ ಒಂದೊಂದು ಆಕ್ಸಲ್ (ಚಕ್ರಗಳ ಅಚ್ಚು) ಹೊರುವ ಭಾರದ ಸುಮಾರು ನಾಲ್ಕನೇ ಘಾತದಷ್ಟು ಏರುತ್ತದೆ. ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಅರ್ಧ ಟನ್ ಆಕ್ಸಲ್ ಭಾರದ ಕಾರಿಗೆ ಹೋಲಿಸಿದರೆ 10 ಟನ್ ಆಕ್ಸಲ್‌ನ ಹಾನಿ 1,60,000 ಪಟ್ಟು. ಈ ಘಾತಾಂಕ ರಸ್ತೆಯ ಬಗೆಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದಾದರೂ ಸಾರ ಬದಲಾಗುವುದಿಲ್ಲ: ಕಾರು, ಬೈಕುಗಳಿಂದ ಹೆದ್ದಾರಿಗೆ ಆಗುವ ಸವೆತ ನಗಣ್ಯ, ಮಿತಿಮೀರಿ ತುಂಬಿದ ಕೆಲವೇ ಲಾರಿಗಳು ಅದನ್ನು ಮುಗಿಸುತ್ತವೆ. ಭಾರತ 2018ರ ಜುಲೈನಲ್ಲಿ ನಾಲ್ಕು ಚಕ್ರಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರದ ಏರಿಕೆ ನೋಡಲು ಶೇ 13ರಷ್ಟೇ, ಆದರೆ ಸೂತ್ರದ ಪ್ರಕಾರ ಒಂದು ಓಟಕ್ಕೆ ಹಾನಿ ಸುಮಾರು 1.6 ಪಟ್ಟಾಗುತ್ತದೆ. ಸಾಗಣೆ ವೆಚ್ಚ ಇಳಿಯುತ್ತದೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಇಳಿದ ವೆಚ್ಚದ ಲಾಭ ಸಾಗಣೆದಾರರಿಗೆ, ಏರಿದ ಹಾನಿಯ ಬಿಲ್ ರಸ್ತೆ ನೋಡಿಕೊಳ್ಳುವ ಇಲಾಖೆಗೆ. ಇವೆರಡನ್ನೂ ಒಂದೇ ಪುಟದಲ್ಲಿ ಬರೆದು ತಾಳೆ ನೋಡುವ ಪದ್ಧತಿ ಬಹಳ ದೇಶಗಳಲ್ಲಿ ಇಲ್ಲ.

ಮಿತಿ ಎಷ್ಟೇ ಇರಲಿ, ಅದು ಜಾರಿಯಾಗಬೇಕಾದದ್ದು ವೇಬ್ರಿಡ್ಜ್‌ನಲ್ಲಿ. ಇಂಡೊನೇಷ್ಯಾದಲ್ಲಿ ‘ಆಚೆ’ (Aceh) ಎಂಬ ಹೆಸರಿನ ಪ್ರಾಂತ್ಯದಲ್ಲಿ 2005ರ ನವೆಂಬರ್‌ನಿಂದ 2006ರ ಜುಲೈವರೆಗೆ ಸಂಶೋಧಕರು ಲಾರಿಗಳಲ್ಲಿ ಸಹಾಯಕರಂತೆ ಜನರನ್ನು ಕೂರಿಸಿ 304 ಪ್ರಯಾಣಗಳಲ್ಲಿ ಕೊಟ್ಟ ಒಂದೊಂದು ಮಾಮೂಲನ್ನೂ ಬರೆಸಿಕೊಂಡರು. ಸಂಖ್ಯೆ 6,000 ದಾಟಿತು. ಪ್ರಯಾಣದ ಖರ್ಚಿನಲ್ಲಿ ಶೇ 13ರಷ್ಟು ಹೀಗೆ ಹೋಗುತ್ತಿತ್ತು, ಚಾಲಕ ಮತ್ತು ಸಹಾಯಕನ ಸಂಬಳಕ್ಕಿಂತ ಹೆಚ್ಚು. ಒಂದು ವೇಬ್ರಿಡ್ಜ್‌ನಲ್ಲಂತೂ ಮೊದಲೇ ಕೊಂಡ ಕೂಪನ್ ತೋರಿಸಿದವರಿಗೆ ಲಂಚದಲ್ಲಿ ರಿಯಾಯಿತಿ ಇತ್ತು. ಅಕ್ರಮವೂ ಎಷ್ಟು ಅಚ್ಚುಕಟ್ಟಾಗಿ ಸಂಘಟಿತವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸರ್ಕಾರ ಮತ್ತು ಅಲ್ಲಿನ ಪ್ರತ್ಯೇಕತಾವಾದಿ ಬಂಡುಕೋರರ ನಡುವಿನ 2005ರ ಶಾಂತಿ ಒಪ್ಪಂದದ ನಂತರ ಸೈನ್ಯ ಹಿಂದೆ ಸರಿದು ಚೆಕ್‌ಪೋಸ್ಟ್‌ಗಳು ಕಡಿಮೆಯಾದಾಗ, ಉಳಿದ ಚೆಕ್‌ಪೋಸ್ಟ್‌ಗಳು ತಮ್ಮ ದರ ಏರಿಸಿದವು. ಹಾಗಾಗಿ ಚೆಕ್‌ಪೋಸ್ಟ್ ತೆಗೆಸಿದಷ್ಟೂ ಸಾಗಣೆ ಅಗ್ಗವಾಗುತ್ತದೆ ಎಂದು ಸಲೀಸಾಗಿ ಹೇಳಲು ಬರುವುದಿಲ್ಲ. ಮಿತಿ ಮೀರಿದ ಲಾರಿ ದಂಡ ಕಟ್ಟುವ ಬದಲು ಲಂಚ ಕೊಟ್ಟು ದಾಟಿದಾಗ ಸರ್ಕಾರಕ್ಕೆ ನಷ್ಟ ಎರಡು ಬಾರಿ: ದಂಡವೂ ಬರಲಿಲ್ಲ, ರಸ್ತೆಯೂ ಉಳಿಯಲಿಲ್ಲ.

ಲಾರಿಗಳನ್ನು ಹೀಗೆ ಮಿತಿಮೀರಿ ತುಂಬುವುದಕ್ಕೆ ಮಾಲೀಕರ ದುರಾಸೆಯೊಂದೇ ಕಾರಣವಲ್ಲ. ಮಧ್ಯ ಆಫ್ರಿಕಾದ ಕ್ಯಾಮರೂನಿನ ಡುವಾಲಾ ಬಂದರಿನಿಂದ ಭೂಬಂಧಿತ (ಸಮುದ್ರ ತೀರವಿಲ್ಲದ) ಚಾಡ್‌ನ ರಾಜಧಾನಿ ಎನ್‌ಜಮೇನಾಕ್ಕೆ ಹೋಗುವ ಸರಕನ್ನು ನೋಡಿ. ಒಪ್ಪಂದದ ಪ್ರಕಾರ ಅದರಲ್ಲಿ ಶೇ 65 ಚಾಡ್‌ನ ಲಾರಿಗಳಿಗೆ, ಶೇ 35 ಕ್ಯಾಮರೂನಿನ ಲಾರಿಗಳಿಗೆ ಮೀಸಲು. ಸರಕು ಕಚೇರಿಗಳು ಸರದಿಯ ಪಟ್ಟಿ ಇಟ್ಟುಕೊಂಡು ಲೋಡ್ ಹಂಚುತ್ತವೆ. ಸರದಿ ಬರುವವರೆಗೆ ಲಾರಿ ನಿಂತೇ ಇರುತ್ತದೆ. ವರ್ಷಕ್ಕೆ ಓಡುವ ದೂರ ಕಡಿಮೆಯಾದ್ದರಿಂದ ಹೊಸ ಲಾರಿ ಕೊಳ್ಳುವುದು ಯಾರಿಗೂ ಗಿಟ್ಟುವುದಿಲ್ಲ. ಹಳೆಯ ಲಾರಿಯಲ್ಲೇ ಸಿಕ್ಕ ಒಂದು ಲೋಡಿನಲ್ಲಿ ಆದಷ್ಟು ತುಂಬಿ, ಆದಷ್ಟು ಹೆಚ್ಚು ಬಾಡಿಗೆ ಕೇಳುವುದೊಂದೇ ದಾರಿ. ವ್ಯಾಪಾರದ ನಿಯಮವೊಂದು ಸುತ್ತಿ ಬಂದು ಡಾಂಬರನ್ನು ಒಡೆಯುವುದು ಹೀಗೆ. ವಿಶ್ವ ಬ್ಯಾಂಕಿಗಾಗಿ 2009ರಲ್ಲಿ ನಡೆದ ಅಧ್ಯಯನವೊಂದು ಈ ಮಾರ್ಗಗಳ ಬಗ್ಗೆ ಹೇಳಿದ್ದು ರಸ್ತೆ ಇಲಾಖೆಗಳಿಗೆ ಅಷ್ಟು ರುಚಿಸುವ ಮಾತಲ್ಲ: ಪೈಪೋಟಿ ಇಲ್ಲದ ಕಡೆ ರಸ್ತೆ ಸುಧಾರಿಸಿದರೆ ಸಾಗಣೆದಾರರ ಖರ್ಚು ಇಳಿಯುತ್ತದೆ, ವ್ಯಾಪಾರಿ ಕೊಡುವ ಬಾಡಿಗೆ ಇಳಿಯುವುದಿಲ್ಲ. ಸಾಲ ಮಾಡಿ ಹಾಕಿದ ಡಾಂಬರಿನ ಲಾಭ ಲಾರಿ ಮಾಲೀಕರ ಕೂಟದ ಕೈಸೇರುತ್ತದೆ. ಇದಕ್ಕೆ ಎದುರಾಗಿ, 1994ರಲ್ಲಿ ಸಾಗಣೆಯ ಮೇಲಿನ ನಿಯಂತ್ರಣ ತೆಗೆದ ರುವಾಂಡಾದಲ್ಲಿ ದರಗಳು ಶೇ 30ಕ್ಕಿಂತ ಹೆಚ್ಚು ಇಳಿದವು.

ಗಡಿಯದೂ ಇಂಥದೇ ಕಥೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ 32 ಭೂಬಂಧಿತ ಅಭಿವೃದ್ಧಿಶೀಲ ದೇಶಗಳಿಗೆ ಸಮುದ್ರವೆಂದರೆ ನೆರೆ ದೇಶದ ಆಡಳಿತವೇ. ಸರಕು ಹೊರಡುವ ಮೊದಲು ಆಗುವ ಪ್ರತಿ ಹೆಚ್ಚುವರಿ ದಿನದ ವಿಳಂಬ ವ್ಯಾಪಾರವನ್ನು ಶೇ 1ಕ್ಕಿಂತ ಹೆಚ್ಚು ಕುಗ್ಗಿಸುತ್ತದೆ ಎಂದು 98 ದೇಶಗಳ ಅಂಕಿ ಅಂಶ ಇಟ್ಟುಕೊಂಡು ಮಾಡಿದ ಲೆಕ್ಕ ಹೇಳುತ್ತದೆ. ಜಾಂಬಿಯಾ ಮತ್ತು ಜಿಂಬಾಬ್ವೆ ನಡುವೆ ಜಾಂಬೆಜಿ ನದಿಯ ಮೇಲಿರುವ ಚಿರುಂಡುವಿನಲ್ಲಿ ಲಾರಿಗಳು ಒಂದು ದೇಶದ ಕಚೇರಿ ಮುಗಿಸಿ, ಸೇತುವೆ ದಾಟಿ, ಇನ್ನೊಂದು ದೇಶದ ಕಚೇರಿಯಲ್ಲಿ ಅದೇ ಕಾಗದಗಳನ್ನು ಮತ್ತೆ ಬಿಚ್ಚಬೇಕಾಗಿತ್ತು, ದಿನಗಟ್ಟಲೆ ಕಾಯಬೇಕಾಗಿತ್ತು. 2009ರ ಡಿಸೆಂಬರ್‌ನಲ್ಲಿ ಅಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಡೆ ಕುಳಿತು ತಪಾಸಣೆ ಮುಗಿಸುವ ಏಕ ನಿಲುಗಡೆ ವ್ಯವಸ್ಥೆ ಆರಂಭವಾಯಿತು. ಕಾಯುವ ಅವಧಿ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಇದಕ್ಕೆ ಹೆಚ್ಚು ಬೇಕಾಗಿದ್ದದ್ದು ಸಿಮೆಂಟಲ್ಲ, ಒಂದು ದೇಶದ ಅಧಿಕಾರಿ ಇನ್ನೊಂದರ ನೆಲದಲ್ಲಿ ತನ್ನ ದೇಶದ ಕಾನೂನು ಜಾರಿ ಮಾಡಲು ಅವಕಾಶ ಕೊಡುವ ಶಾಸನ. ಇತ್ತ ದಕ್ಷಿಣ ಏಷ್ಯಾದಲ್ಲಿ, 2015ರ ಜೂನ್‌ನಲ್ಲಿ ಥಿಂಫುವಿನಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಸಹಿ ಹಾಕಿದ, ಒಬ್ಬರ ವಾಹನ ಇನ್ನೊಬ್ಬರ ರಸ್ತೆಯಲ್ಲಿ ಓಡಲು ಅವಕಾಶ ಕೊಡುವ ಮೋಟಾರು ವಾಹನ ಒಪ್ಪಂದಕ್ಕೆ ಭೂತಾನ್‌ನ ಸಂಸತ್ತಿನ ಒಪ್ಪಿಗೆ ಸಿಗಲಿಲ್ಲ. ಹೊರಗಿನ ಲಾರಿಗಳ ದಟ್ಟಣೆ ಮತ್ತು ಪರಿಸರದ ಬಗ್ಗೆ ಆ ಪುಟ್ಟ ದೇಶಕ್ಕಿದ್ದ ಆತಂಕವನ್ನು ಅಡ್ಡಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಸಾಗಣೆಯ ಲಾಭ ಒಬ್ಬರಿಗೆ, ಸವೆತ ಮತ್ತು ಹೊಗೆ ಇನ್ನೊಬ್ಬರಿಗೆ ಎಂದಾದಾಗ ಪರಿಹಾರದ ಮಾತನ್ನೂ ಒಪ್ಪಂದದಲ್ಲೇ ಆಡಬೇಕಾಗುತ್ತದೆ.

ಕಾಮಗಾರಿಯಲ್ಲಿ ನಡೆಯುವ ಕಳ್ಳತನದ ಬಗ್ಗೆ ಗಟ್ಟಿ ಪುರಾವೆ ಸಿಗುವುದು ಕಷ್ಟ. ಅದಕ್ಕಾಗಿಯೇ ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ನಡೆದ ಇನ್ನೊಂದು ಪ್ರಯೋಗ, 2007ರಲ್ಲಿ ಪ್ರಕಟವಾದದ್ದು, ಈಗಲೂ ಉಲ್ಲೇಖಕ್ಕೆ ಬರುತ್ತದೆ. ಮುಗಿದ ಹಳ್ಳಿ ರಸ್ತೆಗಳನ್ನು ಎಂಜಿನಿಯರುಗಳು ಅಗೆದು ನಿಜಕ್ಕೂ ಎಷ್ಟು ಕಲ್ಲು, ಮರಳು ಬಿದ್ದಿದೆ ಎಂದು ಅಳೆದರು. ಕೂಲಿ ಮತ್ತು ಸಾಮಗ್ರಿಗಳ ಸ್ಥಳೀಯ ದರ ವಿಚಾರಿಸಿದರು. ಬಿಲ್ಲಿನೊಂದಿಗೆ ತಾಳೆ ಹಾಕಿದರು. ಸರಾಸರಿ ಶೇ 24ರಷ್ಟು ಹಣಕ್ಕೆ ರಸ್ತೆಯಲ್ಲಿ ಲೆಕ್ಕವಿರಲಿಲ್ಲ. ಸರ್ಕಾರಿ ಲೆಕ್ಕಪರಿಶೋಧನೆ ನಡೆಯುವ ಸಂಭವವನ್ನು ಶೇ 4ರಿಂದ ಶೇ 100ಕ್ಕೆ ಏರಿಸಿ ಮುಂಚೆಯೇ ತಿಳಿಸಿದ ಹಳ್ಳಿಗಳಲ್ಲಿ ಈ ಸೋರಿಕೆ ಸುಮಾರು 8 ಶೇಕಡಾಂಶ ಇಳಿಯಿತು. ಗ್ರಾಮಸಭೆಗೆ ಹೆಚ್ಚು ಜನರನ್ನು ಕರೆದದ್ದರಿಂದ ಆದ ಪರಿಣಾಮ ಅಷ್ಟಕ್ಕಷ್ಟೇ. ಜನ ತಮ್ಮ ಕೂಲಿಯ ವಿಷಯದಲ್ಲಿ ಎಚ್ಚರವಾಗಿದ್ದರು. ಎಷ್ಟು ಲೋಡ್ ಮರಳು ಬಂತು ಎಂಬುದನ್ನು ಯಾರು ಎಣಿಸುತ್ತಾರೆ? ಇಷ್ಟಾದರೂ ಪರಿಶೋಧನೆ ಖಚಿತವಿದ್ದ ಹಳ್ಳಿಗಳಲ್ಲಿ ಮೇಲ್ವಿಚಾರಕರ ಬಂಧುಗಳಿಗೆ ಕೆಲಸ ಸಿಗುವುದು ಹೆಚ್ಚಾಯಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಕಿಟಕಿ ಎಂಬಂತೆ. ಭಾರತದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಗುತ್ತಿಗೆ ಹಂಚಿಕೆಗೂ ಶಾಸಕರಿಗೂ ಅಧಿಕೃತ ಸಂಬಂಧವೇ ಇಲ್ಲ. ಆದರೂ ಅಲ್ಪ ಮತಗಳಿಂದ ಗೆದ್ದವರ ಕ್ಷೇತ್ರಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಗೆದ್ದ ಶಾಸಕರ ಕುಲನಾಮವನ್ನೇ ಹೊಂದಿದ ಗುತ್ತಿಗೆದಾರರ ಪಾಲು ಶೇ 83ರಷ್ಟು ಹೆಚ್ಚಿದ್ದು ಕಂಡಿತು.

ದೊಡ್ಡ ಯೋಜನೆಗಳಲ್ಲಿ ಮೋಸ, ಮುಗಿದ ಕೆಲಸವನ್ನು ದಾಖಲಿಸುವ ಅಳತೆ ಪುಸ್ತಕಕ್ಕಿಂತ ಬಹಳ ಮೊದಲು, ಯೋಜನೆ ಆಯ್ಕೆಯಾಗುವ ಹಂತದಲ್ಲೇ ಆಗಿಹೋಗುತ್ತದೆ. ಪೆರುವಿನ ಕರಾವಳಿಯನ್ನು ಬ್ರೆಜಿಲ್ ಗಡಿಗೆ ಜೋಡಿಸುವ ಅಂತರಸಾಗರ ಹೆದ್ದಾರಿಯನ್ನು ಆ ದೇಶದ ಸಾರ್ವಜನಿಕ ಹೂಡಿಕೆ ಪರಿಶೀಲನೆಯಿಂದ ಹೊರಗಿಟ್ಟು ಮಂಜೂರು ಮಾಡಲಾಯಿತು. ಎರಡು ದೇಶಗಳ ನಡುವೆ ಅದರಲ್ಲಿ ಹರಿಯಬೇಕೆಂದು ಕನಸಿದ್ದ ಸರಕು ಬರಲಿಲ್ಲ. ಅದರ ಗುತ್ತಿಗೆ ಪಡೆದವರಲ್ಲಿ ಒಂದಾದ ಬ್ರೆಜಿಲಿನ ನಿರ್ಮಾಣ ಸಂಸ್ಥೆ ಓಡೆಬ್ರೆಕ್ಟ್ 12 ದೇಶಗಳಲ್ಲಿ ಲಂಚ ಕೊಟ್ಟಿದ್ದನ್ನು 2016ರಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ಒಪ್ಪಿಕೊಂಡ ನಂತರ ಒಂದೊಂದೇ ಎಳೆ ಬಿಚ್ಚಿಕೊಂಡು, ಈ ಹೆದ್ದಾರಿಯ ಗುತ್ತಿಗೆಗಾಗಿ 3.5 ಕೋಟಿ ಡಾಲರ್ ಲಂಚದ ಪ್ರಕರಣದಲ್ಲಿ ಮಾಜಿ ಅಧ್ಯಕ್ಷ ಅಲೆಹಾಂದ್ರೊ ಟೊಲೆಡೊ ಅವರಿಗೆ 2024ರ ಅಕ್ಟೋಬರ್‌ನಲ್ಲಿ 20 ವರ್ಷ 6 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಅದೇ ಪೆರು, ಇನ್ನೊಂದು ಕಡೆ, ಹಳ್ಳಿ ರಸ್ತೆಗಳ ದಿನನಿತ್ಯದ ನಿರ್ವಹಣೆಯನ್ನು ಊರವರೇ ಕಟ್ಟಿಕೊಂಡ ಸಣ್ಣ ಉದ್ಯಮಗಳಿಗೆ ಗುತ್ತಿಗೆ ಕೊಟ್ಟು ಹೆಸರು ಗಳಿಸಿದ ದೇಶ. ಹಾರೆ, ಗುದ್ದಲಿ ಹಿಡಿದ ಕೆಲವರು ತಮ್ಮ ಪಾಲಿನ ಕಿಲೋಮೀಟರ್‌ಗಳ ಚರಂಡಿ ತೆರವಾಗಿಟ್ಟರೆ ತಿಂಗಳಿಗೆ ಇಷ್ಟು ಎಂದು ಹಣ. ಮಾಡಿದ ಕೆಲಸದ ಅಳತೆಗಲ್ಲ, ರಸ್ತೆ ಇರುವ ಸ್ಥಿತಿಗೆ ಪಾವತಿ ಎಂಬ ಈ ಪದ್ಧತಿಯನ್ನು ಅರ್ಜೆಂಟೀನಾ 1990ರ ದಶಕದಲ್ಲಿ ಹೆದ್ದಾರಿಗಳಿಗೂ ಅಳವಡಿಸಿತು. ಭಾರತದ ಗ್ರಾಮ ಸಡಕ್ ಯೋಜನೆಯಲ್ಲೂ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಿಸಬೇಕೆಂಬ ಷರತ್ತಿದೆ. ಆರನೇ ವರ್ಷದಿಂದ ಹೊಣೆ ರಾಜ್ಯಗಳದ್ದು, ಅಲ್ಲಿಂದ ಹಳೆಯ ಪ್ರಶ್ನೆ ಮತ್ತೆ ಶುರು.

ಇಷ್ಟರ ನಡುವೆ, ರಸ್ತೆ ಬಂದರೆ ಸಮೃದ್ಧಿ ತಾನಾಗಿ ಹಿಂದೆ ಬರುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಿ ನೋಡಬೇಕು. ಇದೇ ಗ್ರಾಮ ಸಡಕ್ ರಸ್ತೆಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮುಖ್ಯ ಪರಿಣಾಮವೆಂದರೆ ಕೃಷಿ ಬಿಟ್ಟು ಹೊರಗಿನ ಕೆಲಸಕ್ಕೆ ಹೋಗುವವರು ಹೆಚ್ಚಿದ್ದು. ಬೆಳೆ, ಆದಾಯ, ಆಸ್ತಿಗಳಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಹೆರಿಗೆಗೆ ಆಸ್ಪತ್ರೆ ಮುಟ್ಟಲು, ಮಕ್ಕಳು ಪ್ರೌಢಶಾಲೆಗೆ ಹೋಗಲು ರಸ್ತೆ ಬೇಕೇ ಬೇಕು, ಅದಕ್ಕೆ ಲಾಭನಷ್ಟದ ಸಮರ್ಥನೆ ಬೇಕಿಲ್ಲ. ಆದರೆ ವ್ಯಾಪಾರ ಬೆಳೆಯುವುದಕ್ಕೆ ಸಾಲ, ದಾಸ್ತಾನು, ಪೈಪೋಟಿ ಇರುವ ಕೊಳ್ಳುಗರು ಬೇರೆಯೇ ಬೇಕು.

ಮುಂದಿನ ಬಿಕ್ಕಟ್ಟು ಇಂಧನ ಸುಂಕದ್ದೇ. ಇಥಿಯೋಪಿಯಾ 1997ರಲ್ಲಿ ಸುಮಾರು 26,500 ಕಿ.ಮೀ. ಇದ್ದ ತನ್ನ ರಸ್ತೆ ಜಾಲವನ್ನು 2015ರ ಹೊತ್ತಿಗೆ 1 ಲಕ್ಷ ಕಿ.ಮೀ. ದಾಟಿಸಿತು, ಮತ್ತು 2024ರಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನು ನಿಷೇಧಿಸಿತು. ತೈಲ ಆಮದಿನ ಹೊರೆ ಇಳಿಸಲು ಇದು ಅರ್ಥವಾಗುವ ಕ್ರಮ. ಆದರೆ ಕಾರುಗಳು ರಸ್ತೆಗೆ ಹೆಚ್ಚು ಹಾನಿ ಮಾಡದೆ ಸುಂಕ ಮಾತ್ರ ಕೊಡುತ್ತಿದ್ದವು. ಅವು ವಿದ್ಯುತ್ತಿಗೆ ತಿರುಗಿದಷ್ಟೂ ಡೀಸೆಲ್ ಲಾರಿ, ಬಸ್ಸುಗಳ ಮೇಲೆ ಹೊರೆ ಬೀಳುತ್ತದೆ. ನಾಲ್ಕನೇ ಘಾತದ ನ್ಯಾಯದಿಂದ ನೋಡಿದರೆ ಅದು ಸರಿಯೇ, ಸರಕಿನ ಬಾಡಿಗೆಯ ದೃಷ್ಟಿಯಿಂದ ದುಬಾರಿ. ಓಡಿದ ದೂರ ಮತ್ತು ಹೊತ್ತ ತೂಕಕ್ಕೆ ತಕ್ಕಂತೆ ಶುಲ್ಕ ವಸೂಲು ಮಾಡುವ ಪದ್ಧತಿ ನ್ಯೂಜಿಲೆಂಡ್‌ನಲ್ಲಿ 1978ರಿಂದ ಇದೆ. ಆದರೆ ಅದಕ್ಕೆ ಮೀಟರ್ ತಿದ್ದದ ವಾಹನ, ನಂಬಬಹುದಾದ ನೋಂದಣಿ ದಾಖಲೆ ಮತ್ತು ಕೂಪನ್ ಮಾರದ ವೇಬ್ರಿಡ್ಜ್ ಬೇಕು. ಇಂಧನ ಸುಂಕದ ಆದಾಯ ಕರಗುವ ಮೊದಲು ಈ ಮೂರನ್ನೂ ಸಿದ್ಧಪಡಿಸಿಕೊಳ್ಳಲು ಹೊರಟ ರಸ್ತೆ ನಿಧಿಗಳು ಸದ್ಯಕ್ಕೆ ವಿರಳ.